ದಾಟಿಸದೆ ಬಿಟ್ಟ ಮಾತು

ಮೊದಲು ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬಂತು. ಆಮೇಲೆ ತೋಳಿನ ಮೇಲೆ ನೀಲಿ ಕಲೆಗಳು. ನನ್ನ ಹೆಂಡತಿ ಗಿರಿಜಾ ತೋರಿಸಿದಾಗ, ಎಲ್ಲೋ ತಾಗಿಸಿಕೊಂಡಿರಬೇಕು ಎಂದೆ.

ನನಗೆ ಅನುಮಾನ ಬಂದಿತ್ತು. ಬಾಯಿ ಬಿಡಲಿಲ್ಲ.

ಹೃದಯದ ಬಡಿತ ತಪ್ಪುತ್ತಿದೆ ಎಂದು ಆಸ್ಪತ್ರೆಯಲ್ಲಿ ಅವಳಿಗೆ ಬ್ಲಡ್ ಥಿನ್ನರ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ, ಕೊಟ್ಟಿದ್ದರು. ಮೊಣಕಾಲು ನೋವಿಗೆ ಮಾತ್ರ ಆಬರ್ನ್ ಹಿಲ್ಸ್ ಹತ್ತಿರದ ಚೀನೀ ವೈದ್ಯೆ ಲಿನ್ ಬಳಿ ಹೋಗುತ್ತಿದ್ದೆವು. ಮೂರು ಬೆರಳಿಟ್ಟು ನಾಡಿ ನೋಡುತ್ತಿದ್ದರು. ಗದಗಿನಲ್ಲಿ ನಾಟಿ ವೈದ್ಯನಾಗಿದ್ದ ನನ್ನಪ್ಪ ಹಾಗೆಯೇ ನೋಡುತ್ತಿದ್ದ. ನಾನು ಹೈಸ್ಕೂಲು ಮುಗಿಸಿ, ಆ ವಿದ್ಯೆ ಬಿಟ್ಟು, ಕಡಲು ದಾಟಿ ಬಂದು ಇಲ್ಲಿ ಕಾರಿನ ಬಿಡಿಭಾಗಗಳ ಫ್ಯಾಕ್ಟರಿ ಸೇರಿದವನು. ಲಿನ್ ಮಾತ್ರ, ತಮ್ಮ ಮಗ ರೆಡಿ ಮಾತ್ರೆ ಮಾರು ಎಂದರೂ, ತಮ್ಮ ದೇಶದ ಬೇರುಗಳನ್ನೇ ತರಿಸಿ, ಕಷಾಯಕ್ಕೆಂದು ತೂಗಿ ಕೊಡುತ್ತಿದ್ದರು. ಆ ಹಟ ನೋಡಿದರೆ ಅಪ್ಪನ ವಿದ್ಯೆ ಇನ್ನೂ ಸೋತಿಲ್ಲ ಅನ್ನಿಸುತ್ತಿತ್ತು.

ಪ್ರತಿ ಸಲ ಆಕೆ ಕೇಳುತ್ತಿದ್ದರು, ಬೇರೆ ಔಷಧಿ ಇದೆಯೇ ಎಂದು. ಬ್ಲಡ್ ಥಿನ್ನರ್ ಇದ್ದರೆ ಕಷಾಯ ಕೊಡುವುದಿಲ್ಲ ಎಂದೂ ಹೇಳಿದ್ದರು. ಗಿರಿಜಾಗೆ ಇಂಗ್ಲಿಷ್ ಬಾರದು. ಮಾತು ದಾಟಿಸುವವನು ನಾನು.

“ಆ ಗುಳಿಗಿ ಸುದ್ದಿ ಹೇಳ್ರಿ ಆಕಿಗೆ.”

“ಹೇಳೀನಿ.”

ಹೇಳಿರಲಿಲ್ಲ. ಮೊಣಕಾಲು ಬಗ್ಗತೊಡಗಿತ್ತು. ಕಷಾಯ ನಿಲ್ಲುವುದು ನನಗೆ ಬೇಕಿರಲಿಲ್ಲ.

ಕಷಾಯ ಶುರುವಾದ ಮೂರನೇ ವಾರ ಅವಳು ರಕ್ತ ಕಾರಿ ಅಡುಗೆಮನೆಯಲ್ಲಿ ಬಿದ್ದಳು.

ಎಂಟು ದಿನ ಐಸಿಯು. ಡಾಕ್ಟರ್ ವಿಚಾರಿಸಿದಾಗ ಇನ್ನೊಂದು ಸುಳ್ಳು ಹೇಳಿದೆ: ಆ ಚೀನೀ ವೈದ್ಯೆ ಏನೂ ಕೇಳಲೇ ಇಲ್ಲ. ನಮ್ಮ ಮಗಳು ಲಿನ್‌ಗೆ ಫೋನ್ ಮಾಡಿ ಕೂಗಾಡಿದಳು.

ಮರುದಿನ ಲಿನ್ ಆಸ್ಪತ್ರೆಗೆ ಬಂದರು. ಕೈಯಲ್ಲಿ ತಮ್ಮ ದಾಖಲೆ ಹಾಳೆ. ಬೇರೆ ಔಷಧಿ ಇಲ್ಲ ಎಂದು ಮೂರು ಸಲ ಬರೆದಿತ್ತು. ಕೆಳಗೆ ನನ್ನ ಸಹಿ. ಅದನ್ನು ಯಾರಿಗೂ ತೋರಿಸದೆ, ಕಾರಿಡಾರಿನಲ್ಲಿ ನನ್ನೊಬ್ಬನಿಗೇ ತೋರಿಸಿದರು.

“ನನಗೂ ನನ್ನ ದೇಶದ ವಿದ್ಯೆಯ ಮೇಲೆ ಅಭಿಮಾನ ಇದೆ, ಮಿಸ್ಟರ್ ಪಾಟೀಲ್. ಅದಕ್ಕೇ ಪ್ರತಿ ಸಲ ಕೇಳುತ್ತೇನೆ.”

ಆಗ ನೆನಪಾಯಿತು. ಏನು ತಿಂದೆ, ಏನು ಕುಡಿದೆ ಎಂದು ಕೇಳದೆ ಅಪ್ಪ ಯಾರ ಕೈಯನ್ನೂ ಮುಟ್ಟುತ್ತಿರಲಿಲ್ಲ. ಅವನ ವಿದ್ಯೆಯಲ್ಲಿ ನನಗೆ ಉಳಿದದ್ದು ಆ ಮೂರು ಬೆರಳು ಮಾತ್ರ.

ಅಂದೇ ಡಾಕ್ಟರಿಗೆ ನಿಜ ಹೇಳಿದೆ, ಮಗಳಿಗೂ. ಅವಳು ತಿಂಗಳುಗಟ್ಟಲೆ ನನ್ನೊಡನೆ ಮಾತಾಡಲಿಲ್ಲ.

ಗಿರಿಜಾ ಉಳಿದಳು. ಕಷಾಯ ನಿಂತು ಮೊಣಕಾಲು ಮತ್ತೆ ಬಿಗಿದು, ಈಗ ವಾಕರ್ ಇಲ್ಲದೆ ನಡೆಯಲಾರಳು. ಕಳೆದ ತಿಂಗಳು ತಾನೇ ಹಟ ಹಿಡಿದು ಲಿನ್ ಬಳಿ ಹೊರಟಳು. ಲಿನ್ ಅದೇ ಪ್ರಶ್ನೆ ಕೇಳಿದರು. ಗಿರಿಜಾ ಪರ್ಸಿನಿಂದ ಗುಳಿಗೆಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

“ಇನ್ನ ಇವರನ್ನ ಕೇಳಬ್ಯಾಡ್ರಿ. ನನ್ನ ಕೇಳ್ರಿ,” ಎಂದಳು, ಕನ್ನಡದಲ್ಲೇ.

ಲಿನ್ ಅರ್ಥವಾಗದೆ ನನ್ನತ್ತ ನೋಡಿದರು.

ಒಂದು ಮಾತೂ ಬಿಡದೆ ದಾಟಿಸಿದೆ.