ಜೌಗಿನಲ್ಲಿ ಅರವತ್ತು ಮೀಟರ್

ಪಾವನಾ ಬೆಟ್ಟದ ಮೇಲೆ ಹಲಗೆ ಹೊರುವ ಕೆಲಸಕ್ಕೆ ಹೋಗುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಅವಳೇ ಎಣಿಸಿರಲಿಲ್ಲ. ಆಗ ಅವಳಿಗೆ ಇಪ್ಪತ್ತೆರಡು. ಯೋನ್‌ಶೋಪಿಂಗ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಳು. ಅವಳು ಏಳು ವರ್ಷದವಳಿದ್ದಾಗ ಅಪ್ಪ ರಮಾನಂದರಿಗೆ ಗೋಥೆನ್‌ಬರ್ಗ್‌ನ ಲಿಂಡ್‌ಹೋಲ್ಮೆನ್‌ನಲ್ಲಿ ಕೆಲಸ ಸಿಕ್ಕಿ, ಬನಶಂಕರಿಯ ಬಾಡಿಗೆ ಮನೆ ಖಾಲಿ ಮಾಡಿ ಮೂವರೂ ಸ್ವೀಡನ್ನಿಗೆ ಬಂದಿದ್ದರು. ಅಮ್ಮ ಕಮಲಾ ತೀರಿಕೊಂಡು ಒಂದೂವರೆ ವರ್ಷವಾಗಿತ್ತು.

ಆ ಮನೆಯಲ್ಲಿ ಮಾತು ನಡೆಸುತ್ತಿದ್ದವರು ಕಮಲಾ. ಅಪ್ಪ ಮಗಳಿಗೆ ಹೇಳಬೇಕಾದದ್ದನ್ನು ಹೆಂಡತಿಗೆ ಹೇಳುತ್ತಿದ್ದರು, ಮಗಳು ಅಪ್ಪನಿಗೆ ಹೇಳಬೇಕಾದದ್ದನ್ನು ಅಮ್ಮನಿಗೆ ಹೇಳುತ್ತಿದ್ದಳು. ಅವರು ಹೋದ ಮೇಲೆ ಇಬ್ಬರಿಗೂ ಒಬ್ಬರ ಜೊತೆ ಒಬ್ಬರು ಹೇಗೆ ಮಾತಾಡಬೇಕೆಂದೇ ತಿಳಿಯಲಿಲ್ಲ. ಪಾವನಾ ರಜೆಗೆ ಮನೆಗೆ ಬಂದರೆ ಅನ್ನ, ಸಾರು ಒಲೆಯ ಮೇಲಿರುತ್ತಿತ್ತು. ಅಪ್ಪ ಆಗಲೇ ಉಂಡು ರೂಮು ಸೇರಿರುತ್ತಿದ್ದರು.

ಆ ವಸಂತದಲ್ಲಿ ಅವಳು ಕ್ಲಾಸಿಗೆ ಹೋಗುವುದನ್ನೇ ಬಿಟ್ಟಳು. ಜಗಳವಿಲ್ಲ, ಕಾಯಿಲೆಯಿಲ್ಲ; ಬೆಳಿಗ್ಗೆ ಏಳಲಾಗುತ್ತಿರಲಿಲ್ಲ, ಅಷ್ಟೆ. ಪರೀಕ್ಷೆಗಳು ಹೋದವು. ಜೂನ್ ಹತ್ತಿರ ಬಂದಂತೆ ವಿದ್ಯಾರ್ಥಿಗಳೆಲ್ಲ ಊರಿಗೆ ಹೊರಟು ಹಾಸ್ಟೆಲ್ಲಿನ ಮಹಡಿ ಖಾಲಿಯಾಯಿತು. ಅಂಥ ಒಂದು ಮಧ್ಯಾಹ್ನ, ಉತ್ತರದ ಬೆಟ್ಟಸೀಮೆಯಲ್ಲಿ ಚಾರಣದ ಹಾದಿ ರಿಪೇರಿಗೆ ಬೇಸಿಗೆಯ ಮಟ್ಟಿಗೆ ಜನ ಬೇಕೆಂಬ ಜಾಹೀರಾತು ಕಣ್ಣಿಗೆ ಬಿತ್ತು. ಅನುಭವ ಬೇಡ, ಇಪ್ಪತ್ತು ಕೆಜಿ ಹೊರಲು ಬಂದರೆ ಸಾಕು ಎಂದಿತ್ತು. ಅರ್ಜಿ ಹಾಕಿದಳು, ಕರೆದರು.

ಅಪ್ಪನಿಗೆ ಫೋನಿನಲ್ಲಿ ತಿಳಿಸಿದಳು. "ನಿಂಗೆ ಇಷ್ಟ ಇದ್ರೆ ಹೋಗಮ್ಮ" ಎಂದರು. ಅವರು ಬೇಡವೆನ್ನಲಿ ಎಂದೇ ತಾನು ಹೇಳಿದ್ದೆಂಬುದು ಫೋನ್ ಇಟ್ಟ ಮೇಲೆ ಅವಳಿಗೆ ಹೊಳೆಯಿತು.

ತಂಡದಲ್ಲಿ ಅವಳೂ ಸೇರಿ ನಾಲ್ವರು. ಮೇಸ್ತ್ರಿ ಸೊಲ್ವೈಗ್, ಐವತ್ತೆಂಟರ ಹೆಂಗಸು, ಮೂವತ್ತು ಬೇಸಿಗೆ ಇದೇ ಕೆಲಸ ಮಾಡಿದವಳು. ಉಳಿದಿಬ್ಬರು ಅಲ್ಲಿಯವರೇ ಆದ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು, ಯೋರಾನ್ ಮತ್ತು ಹಾಲ್ವರ್. ಅವರು ತಮ್ಮೊಳಗೆ ಆಡುತ್ತಿದ್ದ ಸೀಮೆ ಮಾತು, ಇಲ್ಲೇ ಶಾಲೆ ಕಲಿತ ಪಾವನಾಗೂ ಅರ್ಧ ತಿಳಿಯುತ್ತಿರಲಿಲ್ಲ. ಕಾರು ಹೋಗುವ ರಸ್ತೆ ಮುಗಿದ ಮೇಲೆ ಒಂದು ದಿನದ ನಡಿಗೆ. ಅಲ್ಲಿ ಒಂದು ಮರದ ಮನೆ, ನಾಲ್ಕು ಮಂಚ, ಒಂದು ಕಬ್ಬಿಣದ ಒಲೆ. ಫೋನಿಗೆ ಸಿಗ್ನಲ್ ಬೇಕಿದ್ದರೆ ಹಿಂದಿನ ಗುಡ್ಡವನ್ನು ಮುಕ್ಕಾಲು ಗಂಟೆ ಹತ್ತಬೇಕು.

ಕೆಲಸ ಹೇಳಿಕೊಳ್ಳಲು ಸುಲಭ. ಜೌಗಿನಲ್ಲಿ ನಡೆಯುವವರು ಹೂತುಹೋಗದಂತೆ ಅಡ್ಡಕ್ಕೆ ದಿಮ್ಮಿಯಿಟ್ಟು, ಅದರ ಮೇಲೆ ಉದ್ದಕ್ಕೆ ಜೋಡಿ ಹಲಗೆ ಬಡಿಯುವುದು. ಹಲಗೆಗಳನ್ನು ಚಳಿಗಾಲದಲ್ಲೇ ಹಿಮದ ಮೇಲೆ ಎಳೆದು ತಂದು ಅಲ್ಲಲ್ಲಿ ಒಟ್ಟಿದ್ದರು. ಅಲ್ಲಿಂದ ಹೆಗಲ ಮೇಲೆಯೇ. ಮೊದಲ ವಾರ ಅವಳ ಹೆಗಲು ಕಪ್ಪುಗಟ್ಟಿತು, ಸೊಳ್ಳೆ ಕಡಿದು ಕಿವಿಗಳು ಊದಿದವು. ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಮೌನ. ಆ ಮೂವರು ಕೆಟ್ಟವರಲ್ಲ. ಕಾಫಿ ಕುದಿಸಿದರೆ ಅವಳ ಲೋಟಕ್ಕೂ ಬಗ್ಗಿಸುತ್ತಿದ್ದರು. ಆಮೇಲೆ ದೂರಕ್ಕೆ ನೋಡುತ್ತ ಕುಡಿಯುತ್ತಿದ್ದರು. ಆಲೂಗಡ್ಡೆಯ ಮೇಲೆ ಅವಳು ಉದುರಿಸಿಕೊಳ್ಳುತ್ತಿದ್ದ ಚಟ್ನಿಪುಡಿಯನ್ನು ಹಾಲ್ವರ್ ಒಮ್ಮೆ ರುಚಿ ನೋಡಿ ತಲೆಯಾಡಿಸಿದ. ಇಷ್ಟವಾಯಿತೋ ಇಲ್ಲವೋ ಬೇಸಿಗೆ ಮುಗಿದರೂ ಗೊತ್ತಾಗಲಿಲ್ಲ.

ಮೂರನೆಯ ವಾರದಲ್ಲಿ ಸುತ್ತಿಗೆ ಜಾರಿ ಹೆಬ್ಬೆರಳಿಗೆ ಬಿತ್ತು. ಅವಳ ಬಾಯಿಂದ "ಅಮ್ಮಾ" ಎಂದು ಜೋರಾಗಿಯೇ ಬಂತು. ಇಪ್ಪತ್ತು ಹೆಜ್ಜೆ ಆಚೆಗಿದ್ದ ಯೋರಾನ್ ತಲೆಯೆತ್ತಿ, ಬೆರಳು ನೆಟ್ಟಗಿದೆಯೇ ಎಂದು ಕೇಳಿ, ಮತ್ತೆ ಕೆಲಸಕ್ಕೆ ಬಗ್ಗಿದ. ಅವನಿಗೆ ಅದು ಬರಿಯ ನೋವಿನ ಕೂಗು. ತಾನು ಯಾರನ್ನು ಕರೆದೆನೆಂದು ಇಲ್ಲಿ ಒಬ್ಬರಿಗೂ ತಿಳಿಯಲಿಲ್ಲವಲ್ಲ ಎಂದು ಅವಳು ಬೆರಳನ್ನು ಜೌಗಿನ ತಣ್ಣೀರಿನಲ್ಲಿ ಅದ್ದಿ ಅತ್ತಳು. ಅಮ್ಮ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಐದನೆಯ ವಾರ ಸೊಲ್ವೈಗ್ ಅವಳೊಬ್ಬಳಿಗೇ ಅರವತ್ತು ಮೀಟರ್ ವಹಿಸಿದಳು. ಉಳಿದವರು ಗುಡ್ಡದ ಆಚೆ ಬದಿಗೆ ಹೋದರು. ಪ್ರತಿ ದಿಮ್ಮಿ ಇಡುವ ಮುಂಚೆ ಕಬ್ಬಿಣದ ಸಲಾಕೆಯನ್ನು ಕೆಸರಿಗೆ ಇಳಿಸಿ, ಗಟ್ಟಿ ನೆಲ ಎಷ್ಟು ಆಳಕ್ಕಿದೆ ನೋಡಬೇಕೆಂದು ಹೇಳಿಕೊಟ್ಟಿದ್ದಳು. ಮೊದಲ ದಿನ ಪಾವನಾ ಹಾಗೇ ಮಾಡಿದಳು. ಎರಡನೆಯ ದಿನ ಬೇಸರ ಬಂತು. ಇಡೀ ದಿನ ಮನುಷ್ಯರ ಸದ್ದಿಲ್ಲ. ಬೇಗ ಮುಗಿದರೆ ಸಾಕೆಂದು ಕಣ್ಣಳತೆಯಲ್ಲೇ ನೇರ ಗೆರೆ ಹಿಡಿದು ಬಡಿಯುತ್ತ ಹೋದಳು. ನಾಲ್ಕು ದಿನಕ್ಕೆ ಮುಗಿಯಿತು, ನೋಡಲು ಚೆನ್ನಾಗಿಯೇ ಇತ್ತು. ಆಮೇಲೆ ಎರಡು ದಿನ ಮಳೆ ಹಿಡಿಯಿತು. ಬಿಟ್ಟ ಮೇಲೆ ಹೋಗಿ ನೋಡಿದರೆ ನಡುವಿನ ಹಲಗೆಗಳು ವಾಲಿ ಅರ್ಧ ಮುಳುಗಿದ್ದವು.

ಸೊಲ್ವೈಗ್ ಬಂದಳು, ಸಲಾಕೆ ಇಳಿಸಿ ನೋಡಿದಳು. ಅದು ಹಿಡಿಯವರೆಗೂ ಇಳಿಯಿತು.

"ಕಿತ್ತು ಬಲಗಡೆಯಿಂದ ಸುತ್ತಿಸಿ ಹಾಕು," ಎಂದಳು.

"ಯಾರಾದರೂ ಜೊತೆಗೆ ಬರ್ತಾರಾ?"

"ಇಲ್ಲ. ಇದು ನಿನ್ನದು."

ಗದರಿದ್ದರೆ ಚೆನ್ನಾಗಿತ್ತು ಎನಿಸಿತಂತೆ ಅವಳಿಗೆ. ಆ ಸಂಜೆ ಉಣ್ಣದೆ ಗುಡ್ಡ ಹತ್ತಿದಳು. ಬೇಸಿಗೆಯ ಸೂರ್ಯ ಇನ್ನೂ ಮೇಲೆಯೇ ಇದ್ದ. ಮನೆಗೆ ಬರುತ್ತೇನೆ, ಟಿಕೆಟ್ ತೆಗೆಸು ಎಂದು ಅಪ್ಪನಿಗೆ ಹೇಳುವುದೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದಳು. ರಮಾನಂದರು ಮೊದಲ ರಿಂಗಿಗೇ ಎತ್ತಿದರು. ಅವಳು ಎಲ್ಲ ಹೇಳಿದಳು, ಹಲಗೆ, ಮಳೆ, ಸಲಾಕೆ. ಹಾಗೇ ತಡೆಯದೆ, ವಸಂತವಿಡೀ ಕಾಲೇಜಿಗೆ ಹೋಗಿರಲಿಲ್ಲವೆಂದೂ ಹೇಳಿಬಿಟ್ಟಳು.

"ಗೊತ್ತು," ಎಂದರು ರಮಾನಂದರು. "ಮಾರ್ಚಲ್ಲಿ ಒಂದಿನ ಹಾಸ್ಟೆಲ್ ಹತ್ರ ಬಂದಿದ್ದೆ. ಮಧ್ಯಾಹ್ನ ಹನ್ನೆರಡಾದ್ರೂ ನಿನ್ ರೂಮ್ ಕರ್ಟನ್ ಮುಚ್ಚಿತ್ತು. ಬೆಲ್ ಒತ್ತೋಕೆ ಧೈರ್ಯ ಬರ್ಲಿಲ್ಲ. ಮುಂದಿನ ಟ್ರೇನ್ ಹತ್ತಿ ವಾಪಸ್ ಬಂದೆ."

ಪಾವನಾ ಅಲ್ಲೇ ಒಂದು ಬಂಡೆಯ ಮೇಲೆ ಕೂತಳು.

"ಬಾ ಅನ್ನೋಕೆ ನಂಗೂ ಆಸೆ ಪುಟ್ಟಿ. ಆದ್ರೆ ಈಗ ಬಂದ್ರೆ ಏನಾಗತ್ತೆ? ನೀನೊಂದ್ ರೂಮಲ್ಲಿ, ನಾನೊಂದ್ ರೂಮಲ್ಲಿ. ಅದನ್ನ ಕಿತ್ತು ಸರಿಯಾಗಿ ಹಾಕ್ಬಿಟ್ಟು ಬಾ. ದಿನಾ ಹತ್ತೋಕಾಗಲ್ಲ ಅಂದ್ರೆ ಭಾನುವಾರ ಹತ್ತು. ನಾನು ಫೋನ್ ಕೈಯಲ್ಲೇ ಇಟ್ಕೊಂಡಿರ್ತೀನಿ."

ಅಷ್ಟು ಉದ್ದದ ಮಾತನ್ನು ಅಪ್ಪ ತನ್ನೊಡನೆ ಆಡಿದ್ದು ಅದೇ ಮೊದಲು ಎನ್ನುತ್ತಾಳೆ ಪಾವನಾ.

ಬಡಿದ ಮೊಳೆ ಕೀಳುವುದು ಬಡಿಯುವುದಕ್ಕಿಂತ ಕಷ್ಟ. ನೀರು ಕುಡಿದ ಹಲಗೆ ಎರಡರಷ್ಟು ಭಾರ. ಕಿತ್ತು ದಡಕ್ಕೆ ಎಳೆಯುವುದಕ್ಕೇ ಮೂರು ದಿನ ಹಿಡಿಯಿತು. ಒಮ್ಮೆ ಸೊಂಟದವರೆಗೆ ಹೂತು, ಹಲಗೆಯನ್ನು ಅಪ್ಪಿ ಹಿಡಿದು ಹೊಟ್ಟೆಯ ಮೇಲೆ ತೆವಳಿ ಮೇಲೆ ಬಂದಳು. ಬೂಟೊಂದು ಒಳಗೇ ಉಳಿಯಿತು, ತೋಳು ಇಳಿಸಿ ಹುಡುಕಿ ತೆಗೆದಳು. ಆಮೇಲೆ ಸಲಾಕೆ ಇಳಿಸುತ್ತ, ಗಟ್ಟಿ ನೆಲ ಸಿಕ್ಕಲ್ಲಿ ಗೂಟ ನೆಡುತ್ತ, ಹಾದಿಯನ್ನು ಬಲಕ್ಕೆ ಬಳಸಿ ಹಾಕಿದಳು. ಒಬ್ಬಳೇ ಇದ್ದಾಗ ಗಟ್ಟಿಯಾಗಿ ಕನ್ನಡದಲ್ಲಿ ಮಾತಾಡಿಕೊಳ್ಳುವ ಅಭ್ಯಾಸ ಹತ್ತಿತು. ದಿಮ್ಮಿಗೆ ಬೈಯುವುದು, ಮಳೆಗೆ ಬೈಯುವುದು, ಅಮ್ಮನಿಗೆ ವರದಿ ಒಪ್ಪಿಸುವುದು. ಒಂಟಿತನ ಹೋಗಲಿಲ್ಲ. ಅದರೊಂದಿಗೆ ಕೆಲಸ ಮಾಡಬಹುದೆಂಬುದು ತಿಳಿಯಿತು.

ಹನ್ನೊಂದನೆಯ ದಿನ ಸೊಲ್ವೈಗ್ ಬಂದು ಆ ತುದಿಯಿಂದ ಈ ತುದಿಗೆ ನಡೆದಳು, ನಡುವೆ ನಿಂತು ಎರಡು ಸಲ ಕುಪ್ಪಳಿಸಿದಳು. "ಸರಿ" ಎಂದು ಮುಂದಿನ ತಿರುವಿಗೆ ಹೊರಟಳು.

ಸೆಪ್ಟೆಂಬರ್ ಮಧ್ಯದಲ್ಲಿ ಮೊದಲ ಹಿಮ ಬಿದ್ದು ಕೆಲಸ ಮುಗಿಯಿತು. ಪಾವನಾ ಎಂಜಿನಿಯರಿಂಗಿಗೆ ಮರಳಲಿಲ್ಲ. ಯೋನ್‌ಶೋಪಿಂಗ್‌ನಲ್ಲೇ ದೊಡ್ಡವರಿಗೆಂದು ನಡೆಸುವ ಬಡಗಿ ತರಬೇತಿಗೆ ಸೇರಿದಳು. ಮಗಳು ಬಡಗಿಯಾಗುತ್ತಿದ್ದಾಳೆಂದು ಬೆಂಗಳೂರಿನ ನೆಂಟರಿಗೆ ತಿಳಿಸಲು ರಮಾನಂದರಿಗೆ ನಾಲ್ಕು ತಿಂಗಳು ಬೇಕಾಯಿತು. ತಿಳಿಸಿದ ದಿನ ಅವರ ತಂಗಿ ಅರ್ಧಕ್ಕೇ ಫೋನ್ ಇಟ್ಟರಂತೆ.

ಇದು ನಡೆದು ಎರಡು ವರ್ಷವಾಯಿತು. ಪ್ರತಿ ಜೂನಿನಲ್ಲಿ ಅವಳು ಉತ್ತರಕ್ಕೆ ಹೋಗುತ್ತಾಳೆ. ಉಳಿದ ತಿಂಗಳಲ್ಲಿ ಎರಡು ವಾರಕ್ಕೊಮ್ಮೆ ಅಪ್ಪ ಶನಿವಾರದ ರೈಲಿಗೆ ಬರುತ್ತಾರೆ, ಈಗ ಬೆಲ್ ಒತ್ತುತ್ತಾರೆ. ಒಂದೇ ಮೇಜಿಗೆ ಕೂತು ಉಣ್ಣುತ್ತಾರೆ. ಮಾತು ಇನ್ನೂ ಕಡಿಮೆಯೇ. ಕೆಲವು ಸಲ ಕಮಲಾರ ವಿಷಯ ಬರುತ್ತದೆ. ಆಗ ಇಬ್ಬರಲ್ಲಿ ಒಬ್ಬರು ಎದ್ದು ನೀರು ತರಲು ಹೋಗುತ್ತಾರೆ, ಇನ್ನೊಬ್ಬರು ಕಾಯುತ್ತಾರೆ.