ಬೆಳ್ಳಿ ಕರಡಿಗೆ ಮತ್ತು ಒಂದು ಎದೆಯ ಎಕ್ಸ್-ರೇ

2017ರಲ್ಲಿ ನಾನು ದಾವಣಗೆರೆಯ ಒಂದು ಸಣ್ಣ ಡಯಾಗ್ನೋಸ್ಟಿಕ್ ಸೆಂಟರಿನಲ್ಲಿ ಎಕ್ಸ್-ರೇ ಟೆಕ್ನೀಷಿಯನ್ ಆಗಿದ್ದೆ. ಎಂಟೂವರೆಗೆ ಸರಸ್ವತಿ ನಗರದ ಮನೆ ಬಿಟ್ಟರೆ ಒಂಬತ್ತಕ್ಕೆ ಮಿಷನ್ ಆನ್. ಪ್ರತಿ ರೋಗಿಯ ಹೆಸರಿನ ಮುಂದೆ ಎಷ್ಟು ಕೆವಿ ಕೊಟ್ಟೆ, ಅಂದರೆ ಕಿರಣಕ್ಕೆ ಎಷ್ಟು ನುಗ್ಗುವ ಬಲ ಕೊಟ್ಟೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ.

ಡಿಪ್ಲೊಮಾ ಓದುವಾಗ ಗೈಗರ್ ಕೌಂಟರಿನ ಮುಂದೆ ಒಂದೊಂದೇ ವಸ್ತು ಅಡ್ಡ ಇಟ್ಟು ನೋಡಿದ್ದೆವು. ಆಲ್ಫಾ ಕಿರಣ ಒಂದು ಹಾಳೆ ಕಾಗದಕ್ಕೇ ನಿಲ್ಲುತ್ತದೆ. ಬೀಟಾಕ್ಕೆ ಕೆಲವು ಮಿಲಿಮೀಟರ್ ಅಲ್ಯೂಮಿನಿಯಂ ತಗಡು ಸಾಕು. ಗಾಮಾವನ್ನು ಸೀಸದ ದಪ್ಪ ಗಟ್ಟಿಯೂ ಪೂರ್ತಿ ತಡೆಯದು, ತಗ್ಗಿಸುತ್ತದೆ ಅಷ್ಟೆ. ಎಕ್ಸ್-ರೇ ಗಾಮಾದ ಜಾತಿಯದೇ. ಗಾಳಿ ತುಂಬಿದ ಶ್ವಾಸಕೋಶವನ್ನು ಸಲೀಸಾಗಿ ದಾಟಿ ಫಿಲ್ಮನ್ನು ಕಪ್ಪಾಗಿಸುತ್ತದೆ. ಲೋಹ ಅಡ್ಡ ಬಂದರೆ ಅಲ್ಲೇ ನಿಂತು ಫಿಲ್ಮು ಬೆಳ್ಳಗೆ ಉಳಿಯುತ್ತದೆ. ಇಷ್ಟೂ ನನಗೆ ಬಾಯಿಪಾಠ.

ಆ ಶ್ರಾವಣದಲ್ಲಿ ಹರಿಹರದ ಪಾತ್ರೆ ಅಂಗಡಿಯ ಚನ್ನಬಸಪ್ಪನವರು ಹೆಂಡತಿ ಗೌರಮ್ಮನವರ ಜೊತೆ ಬಂದರು. ಅರವತ್ತರ ಆಸುಪಾಸು, ಮೂರು ವಾರದಿಂದ ಕೆಮ್ಮು. ಮಿಷನ್ನಿನ ಸ್ಟ್ಯಾಂಡನ್ನು ಬೆರಳಿನಿಂದ ತಟ್ಟಿ, "ತಗಡು ತೆಳ್ಳಗೈತಲ್ಲ ತಂಗಿ, ನಮ್ಮಂಗಡಿ ಕೊಡಪಾನನೇ ಇದಕ್ಕಿಂತ ಗಟ್ಟಿ," ಎಂದರು.

"ಎಲ್ಲಿ ಹೋದ್ರೂ ಬಡಿದು ನೋಡೋ ಚಟ," ಎಂದು ಗೌರಮ್ಮ ಗದರಿದರು.

ಅಂಗಿ ಬಿಚ್ಚಿದಾಗ ಎದೆಯ ಮೇಲೆ ಬೆಳ್ಳಿಯ ಕರಡಿಗೆ ತೂಗುತ್ತಿತ್ತು. ಇಷ್ಟಲಿಂಗವಿಡುವ, ನಿಂಬೆಹಣ್ಣಿನ ಗಾತ್ರದ ಡಬ್ಬಿ. ಸರ, ತಾಯತ ತೆಗೀರಿ ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುವವಳು ನಾನು. ಆದರೆ ನಮ್ಮದೂ ಲಿಂಗ ಕಟ್ಟುವ ಮನೆ. ಲಿಂಗ ಮೈಯಿಂದ ಅಗಲುವ ಮಾತನ್ನು ನಮ್ಮತ್ತೆ ಸಾವಿನ ಮಾತೆಂದೇ ತಿಳಿದವರು. ಹಿರಿಯರ ಮುಂದೆ ಅದನ್ನಾಡಲು ನನಗೆ ನಾಲಿಗೆ ಏಳಲಿಲ್ಲ. "ಸ್ವಲ್ಪ ಪಕ್ಕಕ್ಕೆ ಸರಿಸ್ಕೊಳ್ರಿ," ಎಂದೆ. ಎಡ ಹೆಗಲ ಕೆಳಕ್ಕೆ ಸರಿಸಿಕೊಂಡರು. ಅರವತ್ತೈದು ಕೆವಿ, ಒಂದೇ ಎಕ್ಸ್‌ಪೋಜರ್.

ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಅಚ್ಚ ಬಿಳಿಯ ಗುಂಡು ಬಿತ್ತು. ವರದಿ ಬರೆಯುವ ಡಾಕ್ಟರು ಫೋನ್ ಮಾಡಿ, ಅದೇನು, ಇನ್ನೊಂದು ತೆಗೆಯಬಹುದೇ ಎಂದು ಕೇಳಿದರು.

"ಕರಡಿಗೆ ಸರ್, ತೆಗೆಸೋಕಾಗಲ್ಲ. ಉಳಿದಿದ್ದೆಲ್ಲ ಕ್ಲಿಯರ್ ಐತೆ."

ಚನ್ನಬಸಪ್ಪನವರು ಆಗಿನ್ನೂ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ವರದಿ ನಾರ್ಮಲ್ ಎಂದು ಹೋಯಿತು.

ಆರು ತಿಂಗಳ ಮೇಲೆ ಇಬ್ಬರೂ ಮತ್ತೆ ಬಂದರು, ಹಳೆಯ ಫಿಲ್ಮಿನ ಪ್ರತಿ ಬೇಕೆಂದು. ಚನ್ನಬಸಪ್ಪನವರು ಅರ್ಧಕ್ಕೆ ಇಳಿದಿದ್ದರು. ಕಫದಲ್ಲಿ ರಕ್ತ ಕಂಡು ಬೇರೆ ಕಡೆ ಸಿಟಿ ಸ್ಕ್ಯಾನ್ ಮಾಡಿಸಿದ್ದರು. ಶ್ವಾಸಕೋಶದಲ್ಲಿ ಗಡ್ಡೆ, ಆಪರೇಷನ್ನಿನ ಹಂತ ಮೀರಿತ್ತು. ಅವರು ತಂದಿದ್ದ ಸ್ಕ್ಯಾನನ್ನೂ ನಮ್ಮ ಫಿಲ್ಮನ್ನೂ ಅಕ್ಕಪಕ್ಕ ಇಟ್ಟೆ. ಕರಡಿಗೆ ಇದ್ದ ಜಾಗವೇ ಗಡ್ಡೆಯ ಜಾಗ.

ಮುಚ್ಚಿಡಲಿಲ್ಲ. "ಅಪ್ಪಾರೆ, ಅವತ್ತು ಕರಡಿಗೆ ತೆಗೀರಿ ಅಂತ ನಾನು ಹೇಳಲಿಲ್ಲ. ಅದರ ಹಿಂದೆ ಏನೈತೆ ಅಂತ ಕಾಣಲಿಲ್ಲ," ಎಂದೆ.

ಅವರು ಫಿಲ್ಮಿನ ಬಿಳಿ ಗುಂಡಿನ ಮೇಲೆ ಬೆರಳಿಟ್ಟರು. "ಲಿಂಗ ಬಿಟ್ಟಿರೋದು ಯಾಕ ಬೇಕಿತ್ತು ತಂಗಿ? ದಿನಾ ಪೂಜೆನಾಗೆ ಅಂಗೈಯಾಗೆ ಇಟ್ಕೊಂತೀನಿ. ಅವತ್ತೂ ಹಂಗೇ ಹಿಡ್ಕೊಂತಿದ್ದೆ. ನೀ ಒಂದು ಮಾತು ಕೇಳಬೇಕಿತ್ತು."

ಗೌರಮ್ಮ ಫಿಲ್ಮನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಮರುದಿನ ರೋಗಿಗಳು ಬರುವ ಮುಂಚೆ, ಮನೆಯಲ್ಲಿದ್ದ ಹಳೆಯ ಖಾಲಿ ಕರಡಿಗೆಯನ್ನು ಟೇಬಲ್ಲಿನ ಮೇಲಿಟ್ಟೆ. ರೊಟ್ಟಿ ಹಿಟ್ಟಿನ ಎರಡು ಪುಟ್ಟ ಉಂಡೆ ಮಾಡಿ ತಂದಿದ್ದೆ. ಒಂದು ಅದರ ಕೆಳಗೆ, ಇನ್ನೊಂದು ಪಕ್ಕದಲ್ಲಿ. ಅರವತ್ತೈದು, ಎಂಬತ್ತು, ನೂರು ಕೆವಿ. ಪಕ್ಕದ ಉಂಡೆ ಮೂರರಲ್ಲೂ ಕಂಡಿತು. ಕೆಳಗಿನದು ಒಂದರಲ್ಲೂ ಕಾಣಲಿಲ್ಲ. ಗೊತ್ತಿದ್ದದ್ದೇ. ಆದರೂ ನೋಟ್‌ಬುಕ್ಕಿನಲ್ಲಿ ಬರೆದೆ.

ಯುಗಾದಿ ಕಳೆದು ಕೆಲವು ದಿನಕ್ಕೆ ಚನ್ನಬಸಪ್ಪನವರು ತೀರಿಕೊಂಡರು. ಹರಿಹರಕ್ಕೆ ಹೋದೆ. ನಮ್ಮ ಪದ್ಧತಿಯಂತೆ ಅವರನ್ನು ಕೂರಿಸಿದ್ದರು, ಹಣೆ ತುಂಬ ವಿಭೂತಿ. ಎಡ ಅಂಗೈಯಲ್ಲಿ ಲಿಂಗವಿತ್ತು. ಬಾಗಿಲಲ್ಲೇ ನಿಂತುಬಿಟ್ಟೆ. ಗೌರಮ್ಮ ನನ್ನನ್ನು ನೋಡಿ ಚಾಪೆಯ ಮೇಲೆ ಸ್ವಲ್ಪ ಸರಿದು, "ಬರ್ರಿ, ಕೂಡ್ರಿ," ಎಂದರು.

ಕಿರಣ ದಾಟದ ಜಾಗ ಚೆನ್ನಾಗಿದೆ ಎಂದು ಹೇಳುವ ಹಕ್ಕು ನಮಗಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇದು. ಕಾಣದಿದ್ದರೆ ಕಾಣಲಿಲ್ಲವೆಂದೇ ಬರೆಯಬೇಕು. ಈಗ ಕರಡಿಗೆ ಕಂಡರೆ, "ಬಿಡೋದು ಬ್ಯಾಡ, ಅಂಗೈಯಾಗೆ ಹಿಡ್ಕೊಳ್ರಿ," ಎನ್ನುತ್ತೇನೆ. ಇದುವರೆಗೆ ಒಬ್ಬರೂ ಒಲ್ಲೆ ಅಂದಿಲ್ಲ.