ಬಾಯಿಪಾಠದ ಕಣ್ಣು ತಪಾಸಣೆ

ರಾಯಾಪುರದ ಹತ್ತಿರ ಆ ಸೈಕಲ್ಲಿನವನು ನನಗೆ ಕಾಣಿಸಲೇ ಇಲ್ಲ. ಕಂಡಕ್ಟರ್ ಕಿರುಚಿದ, ನಾನು ಬ್ರೇಕ್ ಒತ್ತಿದೆ, ಬಸ್ಸಿನಲ್ಲಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ನನ್ನನ್ನು ಬೈದರು. ಸೈಕಲ್ಲಿನವನು ಕೂದಲೆಳೆಯಲ್ಲಿ ಪಾರಾದ. ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಹುಬ್ಬಳ್ಳಿ ಧಾರವಾಡ ನಡುವೆ ಹದಿನಾರು ವರ್ಷ ಸರಕಾರಿ ಬಸ್ಸು ಓಡಿಸಿದವನು ನಾನು. ಆ ರಸ್ತೆ ನನ್ನ ಕೈಕಾಲಿಗೇ ಗೊತ್ತಿತ್ತು. ಅದಕ್ಕೇ ಕಣ್ಣು ಹೋಗುತ್ತಿರುವುದನ್ನು ಅಷ್ಟು ದಿನ ಮುಚ್ಚಿಟ್ಟಿದ್ದೆ.

ಧಾರವಾಡದ ಕಣ್ಣಿನ ಡಾಕ್ಟರಮ್ಮ ದೀಪ ಹಿಡಿದು ನೋಡಿ, "ನರ ಒಣಗಾಕತ್ತದರಿ. ಚಷ್ಮಾಕ್ಕ ಬಗ್ಗೂದಲ್ಲ ಇದು. ಇನ್ನ ಸ್ಟೇರಿಂಗ್ ಮುಟ್ಟಬ್ಯಾಡ್ರಿ" ಅಂದರು. ನನ್ನ ಮುಖ ನೋಡಿ ಅವರೇ ಮುಂದುವರಿಸಿದರು. "ನೌಕರಿ ಹೋಗೂದಿಲ್ರಿ, ಕಾಯ್ದೆ ಅದ. ಸರಕಾರಿ ಕೆಲಸದಾಗ ಇದ್ದಾಗ ಅಂಗವಿಕಲ ಆದವರನ್ನ ತೆಗಿಯೂ ಹಂಗಿಲ್ಲ. ಅದ ಪಗಾರದ ಬ್ಯಾರೆ ಕೆಲಸ ಕೊಡಬೇಕು. ಅರ್ಜಿ ಹಾಕ್ರಿ." ಕಾಯ್ದೆ ಬಂದು ಏಳೆಂಟು ವರ್ಷವಾಗಿತ್ತಂತೆ. ನಮ್ಮ ಡಿಪೋದಲ್ಲಿ ಯಾರೂ ಅದರ ಮಾತೆತ್ತಿದ್ದನ್ನು ನಾನು ಕೇಳಿರಲಿಲ್ಲ.

ನಮಗೆ ಗೊತ್ತಿದ್ದದ್ದು ಬೇರೆಯೇ ಉಪಾಯ. ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ ನಡೆದಾಗ ಮೊದಲು ಒಳಗೆ ಹೋಗಿ ಬಂದವನು ಹೊರಗೆ ನಿಂತವರಿಗೆಲ್ಲ ಅಕ್ಷರಪಟದ ಕೊನೇ ಸಾಲು ಹೇಳಿಕೊಡಬೇಕು. ಗೋಡೆಯ ಮೇಲಿನ ಪಟ ಎಷ್ಟೋ ವರ್ಷದಿಂದ ಅದೇ. ರ, ಗ, ಟ, ಪ, ನ, ಲ. ನನಗೆ ಅದನ್ನು ಕಲಿಸಿದವನು ನನ್ನ ಜೊತೆಗೇ ಕೆಲಸಕ್ಕೆ ಸೇರಿದ ಗೆಳೆಯ. "ನೋಡಾಕ ಹೋಗಬ್ಯಾಡ, ಹೇಳಿ ಬಾ" ಅನ್ನುತ್ತಿದ್ದ. ಹಿಂದಿನ ತಿಂಗಳೂ ಹಾಗೇ ಗಿಣಿಪಾಠ ಒಪ್ಪಿಸಿ ಪಾಸಾಗಿದ್ದೆ, ದೊಡ್ಡ ಜಾಣನ ಹಾಗೆ.

ಅರ್ಜಿ ಕೊಟ್ಟಾಗ ಡಿಪೋ ಸಾಹೇಬರು ಆ ತಪಾಸಣೆಯ ಕಾಗದ ತೆಗೆದು ಮೇಜಿನ ಮೇಲಿಟ್ಟರು. "ಒಂದ ತಿಂಗಳದಾಗ ಕಣ್ಣ ಹೋದ್ವೇನ್ರಿ? ಕುಂತ ತಿನ್ನೂ ವಿಚಾರ ಐತೇನು? ಮತ್ತೊಮ್ಮೆ ತಪಾಸಣಿ ಮಾಡಸ್ತೇನಿ. ನಾಟಕ ಅಂತ ಗೊತ್ತಾದ್ರ ಗಾಡಿನೂ ಹೊಡೀಬೇಕು, ನೋಟೀಸೂ ತಗೋಬೇಕು."

ಮನೆಯಲ್ಲಿ ಹೆಂಡತಿ, "ಖರೇ ಹೇಳಿಬಿಡ್ರಿ" ಅಂದಳು. ಅವಳಿಗೇನು, ಹೇಳುವುದು ಸುಲಭ. ಖರೇ ಹೇಳಿದರೆ ಡಿಪೋದ ಅರ್ಧ ಜನ ಸಿಕ್ಕಿಬೀಳುತ್ತಾರೆ. ಹೇಳದಿದ್ದರೆ ನನ್ನನ್ನು ಮತ್ತೆ ಬಸ್ಸಿಗೆ ಕಳಿಸುತ್ತಾರೆ, ಇನ್ನೊಬ್ಬ ಸೈಕಲ್ಲಿನವನು ಅಡ್ಡ ಬರುತ್ತಾನೆ.

ಮೂರು ದಿನ ಬಿಟ್ಟು ಮತ್ತೆ ಡಿಪೋದ ಅದೇ ತಪಾಸಣೆ ಕೋಣೆ, ಹೋದ ತಿಂಗಳು ನನ್ನನ್ನು ಪಾಸು ಮಾಡಿದ ಅದೇ ಡಾಕ್ಟರು. "ಓದ್ರಿ" ಅಂದರು. ನನ್ನ ಕಣ್ಣಿಗೆ ಕಂಡದ್ದು ಬರೀ ಬಿಳಿ ಗೋಡೆ.

"ಕಾಣೂದಿಲ್ರಿ."

"ಹೋದ ತಿಂಗಳ ಓದಿದ್ರಲ್ಲ?"

ಪಟಕ್ಕೆ ಬೆನ್ನು ಮಾಡಿ, ಬಾಗಿಲ ಕಡೆ ತಿರುಗಿ ನಿಂತೆ. ರ, ಗ, ಟ, ಪ, ನ, ಲ ಎಂದು ಒಂದೂ ತಪ್ಪಿಲ್ಲದೆ ಹೇಳಿದೆ. ಬಾಗಿಲಾಚೆ ಯಾರೋ "ಸತ್ವಿ" ಅಂದದ್ದು ಕೇಳಿಸಿತು. ಅದು ಹೊರಗೆ ಕಿವಿಗೊಟ್ಟು ನಿಂತಿದ್ದ ಗೆಳೆಯನ ದನಿ.

ಡಾಕ್ಟರು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿಯ ಯಂತ್ರ ನನ್ನನ್ನು ನಂಬಿತು. ಸಾಹೇಬರು ಮೂರು ತಿಂಗಳು ಸತಾಯಿಸಿ, ಕಡೆಗೆ ಕಾಯ್ದೆಗೆ ಮಣಿದು, ಅದೇ ಪಗಾರಕ್ಕೆ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರಿಸಿದರು. ಬಸ್ಸಿನ ವೇಳೆಯೆಲ್ಲ ನನಗೆ ಬಾಯಲ್ಲೇ ಇತ್ತು. ಡಿಪೋಕ್ಕೆ ಹೊಸ ಅಕ್ಷರಪಟಗಳು ಬಂದವು. ಗೆಳೆಯ ನನ್ನೊಡನೆ ಮಾತು ಬಿಟ್ಟ. ನನಗೆ ಆದ ಸಂಕಟ ಯಾರಿಗೂ ಬೇಡ.

ಮರುವರ್ಷ ತಪಾಸಣೆಗೆ ಎರಡು ದಿನ ಇರುವಾಗ ಅವನು ನನ್ನ ಕಿಟಕಿಯ ಮುಂದೆ ಬಂದು ನಿಂತ. ಹತ್ತಿರದಲ್ಲಿ ಡಿಪೋದವರು ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಕೇಳಿದ: "ಆ ಅರ್ಜಿ ಹೆಂಗ ಬರದಿದ್ದಿ?"

ಒಂದು ಹಾಳೆ ಅವನ ಕಡೆ ಸರಿಸಿ, "ನಾ ಹೇಳ್ತೇನಿ, ಬರಿ" ಅಂದೆ. ಅವನು ಪೆನ್ನು ತೆಗೆದು, ಮೂಗು ಹಾಳೆಗೆ ತಾಗುವಷ್ಟು ಬಗ್ಗಿದ. ಹಿಂದೆ ಅವನ ಬಸ್ಸು ನಿಂತಿತ್ತು, ಜನ ಹತ್ತುತ್ತಿದ್ದರು.